ಎಡಚನ ಬಲಗೈ

ನವೆಂಬರ್ 3, ಶನಿವಾರ

ಬೆಳಗಿನ ಜಾವ ಅದೇ ಹಾಳು ಕನಸು. ಉದ್ದನೆಯ ಮೇಜು, ಅದರಾಚೆ ಚೆಂಡೆಸೆಯುವ ಹುಡುಗರು ಸಾಲಾಗಿ ನಿಂತು ಕೈ ಚಾಚಿದ್ದಾರೆ. ನಾನು ಅಳತೆಪಟ್ಟಿ ಹಿಡಿದು ಹತ್ತಿರ ಹೋದರೆ ಒಂದೊಂದು ಕೈಯೂ ಕುಗ್ಗಿ ಕೂಸಿನ ಕೈ ಆಗುತ್ತದೆ. ಹಿಂದಿನಿಂದ ನಮ್ಮ ತಂಡದ ಯಜಮಾನ ಹ್ಯಾವರ್ಲಿ, "ಓದು ವರ್ನ್, ಜೋರಾಗಿ ಓದು" ಅನ್ನುತ್ತಾನೆ. ಕೈಯಲ್ಲಿರುವ ಕಾಗದದಲ್ಲಿ ನನ್ನದೇ ಅಕ್ಷರ, ಆದರೆ ಒಂದೂ ಓದಲು ಬರುವುದಿಲ್ಲ. ಎಲ್ಲರೂ ಕಾಯುತ್ತಿದ್ದಾರೆ. ಬೆವತು ಎದ್ದೆ. ಹೊಟ್ಟೆಯಲ್ಲಿ ಬೆಂಕಿ.

ಮಾತ್ರೆ ನುಂಗಿದ್ದು ಸಾಕು, ತಲೆಯಲ್ಲಿ ಕೊರೆಯುವುದನ್ನೆಲ್ಲ ಬರೆದಿಡಿ ಎಂದು ಡಾಕ್ಟರು ಹೇಳಿದ್ದಾರೆ. ಸರಿ, ಬರೆಯುತ್ತೇನೆ. ಕಾರಿನಲ್ಲಿ ಕೂತು, ತಣ್ಣಗಾದ ಕಾಫಿ ಪಕ್ಕದಲ್ಲಿಟ್ಟುಕೊಂಡು. ಕಾಗುಣಿತ ನೋಡುವವರು ಇಲ್ಲಿ ಯಾರೂ ಇಲ್ಲ. ಕಾಲೇಜಿನ ಮೊದಲ ವರ್ಷವೇ ಮಂಡಿ ಮುರಿಯಿತು, ಮಂಡಿಯ ಜೊತೆ ಆಟವೂ ಓದೂ ಹೋದವು.

ಕೊರೆಯುವುದು ಒಂದೇ. ಏಪ್ರಿಲ್ ಕೊನೆಗೆ ಆಯ್ಕೆ ದಿನ. ಕೈಯಿಂದ ಎಸೆದು ಆಡುವ ನಮ್ಮ ಫುಟ್‌ಬಾಲಿನ ದೊಡ್ಡ ತಂಡಗಳೆಲ್ಲ ಸರದಿಯ ಮೇಲೆ ಕಾಲೇಜು ಹುಡುಗರನ್ನು ಎತ್ತಿಕೊಳ್ಳುತ್ತವೆ. ಅದು ಮುಗಿದ ವಾರವೇ ಊರೂರು ಸುತ್ತಿ ಹುಡುಗರನ್ನು ನೋಡಿ ಬರುವ ನಮ್ಮಂಥವರಲ್ಲಿ ಅರ್ಧ ಜನರನ್ನು ಮನೆಗೆ ಕಳಿಸುತ್ತಾರೆ. ಈ ವರ್ಷ ನಮ್ಮ ತಂಡಕ್ಕೆ ಬೇಕಿರುವುದು ಕ್ವಾರ್ಟರ್‌ಬ್ಯಾಕ್, ಚೆಂಡೆಸೆದು ಆಟ ನಡೆಸುವವನು. ಹಿಂದಿನ ಸಲ ತಂದವನು ನಾನು ನೋಡಿ ಬರುವ ಸೀಮೆಯವನೇ, ಈಗ ಟ್ರ್ಯಾಕ್ಟರ್ ಮಾರುತ್ತಾನೆ. ಆಗ ಕೋಣೆಯಲ್ಲಿ ಎಲ್ಲರೂ ಅವನಿಗೆ ಜೈ ಅಂದವರೇ. ಈಗ ಬೆರಳು ತೋರಿಸುವುದು ಮಾತ್ರ ನನ್ನ ಕಡೆ.

ಇವತ್ತು ನೋಡಿದ್ದು ಟ್ರಿಪ್ ಕ್ಯಾಲೋವೇಯನ್ನು. ಈ ವರ್ಷದ ದೇವರು. ಎತ್ತರ, ಅಗಲ, ಹಲ್ಲು ಒಂದೊಂದೂ ಬಚ್ಚಲುಮನೆಯ ಬಿಳಿ ಟೈಲ್ಸ್. ಚಡ್ಡಿ ಹಾಕುವ ವಯಸ್ಸಿಗೇ ಅವನಪ್ಪ ಎಸೆತ ಕಲಿಸುವ ಗುರುವನ್ನು ಮನೆಗೆ ಕರೆಸಿದ್ದನಂತೆ. ಪ್ರತಿ ಸಲ ಚೆಂಡು ಕೈಗೆ ಬರುವ ಮುಂಚೆ ಅಂಚಿನಲ್ಲಿ ಇಬ್ಬರು ದೊಡ್ಡ ಹಲಗೆ ಎತ್ತಿ ಹಿಡಿಯುತ್ತಾರೆ. ಅದರ ಮೇಲೆ ಪಿಜ್ಜಾ, ಮೊಸಳೆ, ಯಾವಳೋ ಸಿನಿಮಾ ನಟಿ. ಅದು ಕೋಚ್ ಕಳಿಸುವ ಗುಟ್ಟಿನ ಸಂದೇಶ. ಕ್ಯಾಲೋವೇ ಮೊಸಳೆ ನೋಡುತ್ತಾನೆ, ಮೊಸಳೆ ಹೇಳಿದ ಜಾಗಕ್ಕೆ ಎಸೆಯುತ್ತಾನೆ. ಅಲ್ಲಿ ತನ್ನವನು ಇಲ್ಲದಿದ್ದರೆ ಬೆಪ್ಪನಾಗಿ ಮತ್ತೆ ಮೊಸಳೆಯ ಕಡೆ ತಿರುಗುತ್ತಾನೆ. ಅಷ್ಟರಲ್ಲಿ ಯಾರೋ ಮೇಲೆ ಬಿದ್ದು ಕೆಡವುತ್ತಾರೆ. ನನ್ನ ಸುತ್ತ ಕೂತ ಬೇರೆ ತಂಡದವರು, ಅಬ್ಬ ಎಂಥ ಧೈರ್ಯ, ಕದಲದೆ ನಿಂತ ನೋಡು ಅಂತ ಬರೆದುಕೊಂಡರು. ಕಂಬವೂ ಕದಲುವುದಿಲ್ಲ.

ನಾನೂ ಅದನ್ನೇ ಬರೆದೆ. ಹ್ಯಾವರ್ಲಿ ನನ್ನ ಮಗನ ವಯಸ್ಸಿನವನು. ಅವನಿಗೆ ಕ್ಯಾಲೋವೇ ಮೇಲೆ ಈಗಲೇ ಮನಸ್ಸಾಗಿದೆ. ನಾನು ಬೇಡ ಅಂದು, ಆ ಹುಡುಗ ಇನ್ನೆಲ್ಲೋ ಹೋಗಿ ಮಿಂಚಿಬಿಟ್ಟರೆ?

ನವೆಂಬರ್ 10, ಶನಿವಾರ

ಒಹಾಯೋದ ಒಂದು ಗುಮ್ಮನಂಥ ಊರು. ಕಾಲೇಜು ಅಂತ ಬೋರ್ಡು ಇರದಿದ್ದರೆ ಹಂದಿ ಸಾಕುವ ಜಾಗ ಅಂದುಕೊಳ್ಳಬೇಕು. ಇಲ್ಲೊಬ್ಬ ಕ್ವಾರ್ಟರ್‌ಬ್ಯಾಕ್, ಓರಿನ್ ಡೆಕ್ಕರ್. ಸುಮ್ಮನೆ ಒಮ್ಮೆ ನೋಡಿ ಬಾ, ಹೆಸರಿನ ಮುಂದೆ ಗುರುತು ಹಾಕಿ ಮುಗಿಸೋಣ ಎಂದು ಹ್ಯಾವರ್ಲಿ ಅಟ್ಟಿದ.

ಮುಗಿಸುವುದಕ್ಕೆ ಏನಿದೆ. ಮೊದಲನೆಯದಾಗಿ ಎಡಚ. ಎಡಗೈಯಿಂದ ಬರುವ ಚೆಂಡು ಉಲ್ಟಾ ತಿರುಗುತ್ತದೆ, ಹಿಡಿಯುವವರು ಗೊಣಗುತ್ತಾರೆ. ಎರಡನೆಯದಾಗಿ ಕಾಲು ನಿಧಾನ. ಎಲ್ಲಕ್ಕಿಂತ ಹೆಚ್ಚಾಗಿ ಕೈ. ವಸಂತದಲ್ಲಿ ಅಳೆದಾಗ ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಗೆ ಎಂಟೂವರೆ ಇಂಚು ಬಂತಂತೆ. ಒಂಬತ್ತಕ್ಕಿಂತ ಕಮ್ಮಿ ಇದ್ದರೆ ನಮ್ಮ ಕಡೆ ಯಾರೂ ಮೂಸಿ ನೋಡುವುದಿಲ್ಲ. ಚಳಿ, ಮಳೆಯಲ್ಲಿ ಚೆಂಡು ಸೋಪಿನ ಹಾಗೆ ಜಾರುತ್ತದೆ.

ಇವತ್ತು ಮಳೆಯೇ. ಎದುರು ತಂಡದವನು ನಾಲ್ಕಾರು ಸಲ ಚೆಂಡು ಬೀಳಿಸಿದ. ಎಡಚ ಒಂದು ಸಲವೂ ಬೀಳಿಸಲಿಲ್ಲ. ಗಾಳಿಗೆ ಎದುರಾಗಿ ಉದ್ದಕ್ಕೆ ಎಸೆದ, ಗೆರೆ ಎಳೆದ ಹಾಗೆ ಹೋಯಿತು. ಅವನ ಕಡೆ ಯಾರೋ ಚೆಂಡನ್ನು ಚೆನ್ನಾಗಿ ಒರೆಸಿ ಕೊಡುತ್ತಿದ್ದಿರಬೇಕು. ಇಲ್ಲಿ ಹಲಗೆಯೂ ಇಲ್ಲ, ಮೊಸಳೆಯೂ ಇಲ್ಲ. ಬಡ ಕಾಲೇಜು, ಹುಡುಗ ತಾನೇ ಕೂಗಿ ಹೇಳಿಕೊಳ್ಳಬೇಕು.

ಅರ್ಧಕ್ಕೇ ಎದ್ದು ಹೋಗಬೇಕಿತ್ತು. ಕಾರಿನ ಹೀಟರ್ ಕೆಟ್ಟಿದೆ, ಅಲ್ಲಿ ಕೂತರೂ ಚಳಿಯೇ. ಅದಕ್ಕೇ ಕೊನೆಯವರೆಗೂ ಇದ್ದೆ.

ಡಿಸೆಂಬರ್ 12, ಬುಧವಾರ

ಸಭೆ. ಗೋಡೆಯ ಮೇಲೆ ಹುಡುಗರ ಹೆಸರಿನ ಫಲಕ, ಮೇಲಿದ್ದವನು ದೇವರು, ಕೆಳಗಿದ್ದವನು ಕಸ. ಹ್ಯಾವರ್ಲಿ ಪಕ್ಕದಲ್ಲಿ ಅವನ ಕಂಪ್ಯೂಟರ್ ಹುಡುಗರು. ಚೆಂಡು ಮುಟ್ಟಿದವರಲ್ಲ, ಆದರೂ ಎಲ್ಲರಿಗೂ ದಶಾಂಶದಲ್ಲಿ ಅಂಕ ಕೊಡುತ್ತಾರೆ.

ನನ್ನ ಸರದಿ ಬಂದಾಗ ಕಾಗದದ ಅಕ್ಷರಗಳು ಕಣ್ಣ ಮುಂದೆ ಕುಣಿಯತೊಡಗಿದವು. ಕನಸಿನದೇ ಭಯ. ಕ್ಯಾಲೋವೇದು ಹೇಗೋ ಓದಿ ಮುಗಿಸಿದೆ. ಡೆಕ್ಕರ್ ಬಂದಾಗ ಓದಲಾಗದೆ ಕಾಗದ ಮಡಿಚಿ ಬಾಯಿಗೆ ಬಂದದ್ದು ಅಂದುಬಿಟ್ಟೆ:

"ಅವನದು ಕೋಳಿ ಕಾಲು ಸ್ವಾಮಿ, ಕೈ ಅಲ್ಲ. ಚೆಂಡು ಕೊಟ್ರೆ ಎಸೆಯಲ್ಲ, ಮೇಲೆ ಕೂತು ಕಾವು ಕೊಡ್ತಾನೆ."

ಕೋಣೆಯಿಡೀ ಬಿದ್ದು ಬಿದ್ದು ನಕ್ಕಿತು. ಕಂಪ್ಯೂಟರಿನವನೊಬ್ಬ ಕೊಕ್ಕೊಕ್ಕೋ ಅಂದ. ಹ್ಯಾವರ್ಲಿ ಎದ್ದು ತಾನೇ ಎಡಚನ ಫಲಕ ಕಿತ್ತು ಕಸದ ಸಾಲಿಗೆ ಅಂಟಿಸಿದ. ಹೊರಗೆ ಬರುವಾಗ ನನ್ನ ಭುಜ ತಟ್ಟಿದ. ಇಷ್ಟು ವರ್ಷದಲ್ಲಿ ಮೊದಲ ಸಲ.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಮಾರ್ಲಿಸ್‌ಗೆ ಇದನ್ನು ಹೇಳಿದೆ. ಇಷ್ಟು ವರ್ಷ ಕಟ್ಟಿಕೊಂಡವಳು, ನಗುತ್ತಾಳೆ ಅಂದುಕೊಂಡೆ. "ನಿನ್ನ ಕಾಲು ನೋಡ್ಕೊಂಡಿದೀಯಾ, ಬಾತುಕೋಳಿ ಥರ ಇದೆ" ಅಂದು ಬೀನ್ಸ್ ಬಡಿಸಿದಳು. ಹೆಂಗಸರಿಗೆ ಆಟದ ತಮಾಷೆ ಗೊತ್ತಾಗುವುದಿಲ್ಲ.

ಜನವರಿ 20

ಹಿಮ. ಏನೂ ಇಲ್ಲ.

ಕೋಳಿ ಮಾತು ಯಾವನೋ ಪತ್ರಿಕೆಯವನ ಕಿವಿಗೆ ಬಿದ್ದು ಅಚ್ಚಾಗಿದೆ. ಹೇಳಿದವರ ಹೆಸರಿಲ್ಲ, ಸದ್ಯ.

ಫೆಬ್ರವರಿ 28, ಗುರುವಾರ

ಇಂಡಿಯಾನಾಪೊಲಿಸ್. ದೇಶದ ಹುಡುಗರನ್ನೆಲ್ಲ ಒಂದೆಡೆ ಗುಡ್ಡೆ ಹಾಕಿ, ಚಡ್ಡಿಯಲ್ಲಿ ನಿಲ್ಲಿಸಿ, ದನದ ಸಂತೆಯ ಹಾಗೆ ಮುಟ್ಟಿ ನೋಡುವ ವಾರ. ಡೆಕ್ಕರ್‌ಗೆ ಕರೆಯೇ ಬಂದಿಲ್ಲ.

ಕ್ಯಾಲೋವೇ ಬಂದಿದ್ದ. ಅವನ ಜೊತೆ ವಕೀಲ, ಬಾಣಸಿಗ, ಮತ್ತೆ ಕೈ ತಿಕ್ಕುವ ಒಬ್ಬಳು. ತಮಾಷೆ ಅಲ್ಲ. ಅಳೆಯುವಾಗ ಅಂಗೈ ಸ್ವಲ್ಪ ಅಗಲ ಆಗಲಿ ಅಂತ ವಾರಗಟ್ಟಲೆ ಎಣ್ಣೆ ಹಚ್ಚಿ ಎಳೆಸಿಕೊಂಡಿದ್ದಾನೆ. ಚಪಾತಿ ಹಿಟ್ಟು ಲಟ್ಟಿಸಿದ ಹಾಗೆ. ನಮ್ಮ ಕೋಣೆಗೆ ಬಂದಾಗ ಹ್ಯಾವರ್ಲಿ ಕೇಳಿದ್ದಕ್ಕೆಲ್ಲ ಗಿಳಿಯಂತೆ ಒಪ್ಪಿಸಿದ. ಸೋತಾಗ ಏನು ಮಾಡ್ತೀಯ ಅಂದರೆ, ಕನ್ನಡಿಯಲ್ಲಿ ನನ್ನನ್ನೇ ನೋಡ್ಕೋತೀನಿ ಅಂದ. ಅದಂತೂ ನಿಜ ಇರಬೇಕು, ಗೆದ್ದಾಗಲೂ ಅಲ್ಲೇ ನಿಂತಿರುತ್ತಾನೆ.

ಮಳೆಯಲ್ಲಿ ಎಂದಾದರೂ ಆಡಿದ್ದೀಯ ಅಂತ ಕೇಳಿದೆ. ಅವರ ಮೈದಾನಕ್ಕೆ ಸೂರು ಇದೆಯಂತೆ. ಆ ಪ್ರಶ್ನೆ ನನಗೆ ಯಾಕೆ ಹೊಳೆಯಿತೋ. ಹ್ಯಾವರ್ಲಿ ಮುಖ ಸಿಂಡರಿಸಿದ. ಏನೋ ತಪ್ಪು ಮಾಡಿದೆ ಅಂತ ದಿನವಿಡೀ ಅವನ ಕಣ್ಣಿಗೆ ಬೀಳದೆ ಓಡಾಡಿದೆ.

ಮಾರ್ಚ್ 14, ಗುರುವಾರ

ಮತ್ತೆ ಆ ಒಹಾಯೋ ಊರು. ಕರೆ ಬಾರದ ಹುಡುಗರನ್ನು ಅವರ ಕಾಲೇಜಿಗೇ ಹೋಗಿ ಅಳೆಯುವ ದಿನ. ಯಾರೂ ಬರಲು ಒಪ್ಪಲಿಲ್ಲ, ನಾನು ಬಂದೆ. ದಾರಿಯಲ್ಲೇ ಸಿಗುತ್ತದೆ. ಅಂದರೆ ಸ್ವಲ್ಪ ಸುತ್ತು.

ನಾವು ನಾಲ್ಕು ತಂಡದವರು. ಅಳೆಯುವುದು ಮುದುಕ ಪೆಲ್ಕಿ. ಅವನು ಬೇರೆ ತಂಡದವನು, ಆದರೂ ಒಬ್ಬ ಅಳೆದರೆ ಉಳಿದವರೆಲ್ಲ ಬರೆದುಕೊಳ್ಳುವುದು ನಮ್ಮಲ್ಲಿ ಪದ್ಧತಿ. ಹೋದ ವಸಂತದಲ್ಲಿ ಅಳೆದವನೂ ಅವನೇ. ಮೇಜಿನ ಮೇಲೆ ಪಟ್ಟಿ, ಹುಡುಗ ಬಂದು ಕೈ ಬಿಡಿಸಿ ಇಡಬೇಕು.

ಡೆಕ್ಕರ್ ಬಂದವನೇ ಎಡಗೈ ಇಟ್ಟ.

"ಆ ಕೈ ಅಲ್ಲಪ್ಪಾ, ಬಲಗೈ" ಅಂದ ಪೆಲ್ಕಿ. "ಎಲ್ಲರದೂ ಬಲಗೈನೇ."

ಹುಡುಗ ಒಂದು ಕ್ಷಣ ಅವನ ಮುಖ ನೋಡಿ, ಎಡಗೈ ತೆಗೆದು ಬಲಗೈ ಇಟ್ಟ. ಎಂಟೂವರೆ. ಹಿಂದಿನ ಸಲದ್ದೇ. ಹಿಂದೆ ಯಾರೋ ಮೆಲ್ಲಗೆ ಕೊಕ್ಕೊಕ್ಕೋ ಅಂದರು, ಎಲ್ಲರೂ ಬೂಟು ನೋಡಿಕೊಂಡರು. ಹುಡುಗನ ಕಿವಿ ಕೆಂಪಾಯಿತು. ಥ್ಯಾಂಕ್ಸ್ ಸಾರ್ ಅಂದು ಹೋದ.

ಯಾವ ಕೈ ಚಾಚಬೇಕು ಅಂತಲೂ ಗೊತ್ತಿಲ್ಲದವನು. ಸೂಚನೆ ಪಾಲಿಸುವುದರಲ್ಲಿ ಮಂದ ಎಂದು ಬರೆದುಕೊಂಡೆ.

ಆಮೇಲೆ ಎಸೆದ. ಅವನ ಎಸೆತದ ಬಗ್ಗೆ ಬರೆಯುವುದಿಲ್ಲ. ಬರೆದರೆ ನಾಲ್ಕು ಪುಟ ಆಗುತ್ತದೆ, ಕಸದ ಸಾಲಿನವನಿಗೆ ಅಷ್ಟೆಲ್ಲ ಯಾಕೆ.

ಮಾರ್ಚ್ 15, ಶುಕ್ರವಾರ

ಹುಡುಗನ ಮನೆಯವರನ್ನು ಮಾತಾಡಿಸಿಕೊಂಡು ಬರುವುದೂ ಕೆಲಸದಲ್ಲಿ ಸೇರಿದೆ. ಕುಡಿಯುತ್ತಾನಾ, ಹೊಡೆದಾಡುತ್ತಾನಾ, ಅಂಥದ್ದೆಲ್ಲ. ಕಸದ ಸಾಲಿನವರಿಗೆ ಯಾರೂ ಇಷ್ಟು ಮಾಡುವುದಿಲ್ಲ. ನಾಳೆ ಯಾರಾದರೂ ಕೇಳಿದರೆ ಬೇಕಾಗಬಹುದು ಅಂತ ಹೋದೆ.

ಡೆಕ್ಕರ್ ಅಪ್ಪನದು ಒಂದು ಹಳೆಯ ಬೌಲಿಂಗ್ ಅಡ್ಡೆ, ದಪ್ಪ ಚೆಂಡು ಉರುಳಿಸಿ ಗೂಟ ಬೀಳಿಸುವ ಜಾಗ. ಬೂಟಿನ ಬೆವರು, ಕರಿದ ಈರುಳ್ಳಿ ವಾಸನೆ. ಬಾಗಿಲಿಗೆ ಯಾರೋ ರಬ್ಬರ್ ಕೋಳಿ ನೇತುಹಾಕಿದ್ದರು. ಅವನಮ್ಮ ವಿಲ್ಮಾ ಸ್ಟೂಲ್ ಮೇಲೆ ನಿಂತು ಅದನ್ನು ಕತ್ತರಿಸಿ ತೆಗೆಯುತ್ತಿದ್ದಳು. ಇದು ಎಷ್ಟನೆಯದೋ ಲೆಕ್ಕವಿಟ್ಟಿಲ್ಲ ಅಂದಳು.

"ಆ ಮಾತು ಹೇಳಿದ್ದು ನಿಮ್ಮವರೇ ಯಾರೋ ಅಂತೆ. ನಿಮಗೆ ಗೊತ್ತಾ?"

"ಗೊತ್ತಿಲ್ಲಮ್ಮಾ" ಅಂದೆ.

"ಸಿಕ್ಕಿದ್ರೆ ಹೇಳಿ, ಇಲ್ಲಿ ಬಂದು ಒಂದಿನ ಊಟ ಮಾಡ್ಕೊಂಡು ಹೋಗ್ಲಿ ಅಂತ. ಬಯ್ಯಲ್ಲ. ಯಾರು ಅಂತ ನೋಡ್ಬೇಕು, ಅಷ್ಟೆ."

ಆಮೇಲೆ ನನ್ನ ಮುಂದೆ ಕರಿದ ಮೀನು, ಎಲೆಕೋಸಿನ ಪಲ್ಯ ತಂದಿಟ್ಟಳು. ಮೀನು ಚೆನ್ನಾಗಿತ್ತು ಅಂತ ಕಾಣುತ್ತೆ. ಎರಡು ತುತ್ತು ತಿಂದು ತಟ್ಟೆ ಸರಿಸಿದೆ, ಹೊಟ್ಟೆಯುರಿ.

ಅಪ್ಪನ ಹತ್ತಿರ ಗಾಯಗಳ ಬಗ್ಗೆ ಕೇಳಿದೆ. ಮಗ ಚಿಕ್ಕವನಿದ್ದಾಗ ಗೂಟ ನಿಲ್ಲಿಸುವ ಯಂತ್ರಕ್ಕೆ ಬಲಗೈ ಕೊಟ್ಟಿದ್ದನಂತೆ, ಕಿರುಬೆರಳು ಮುರಿದು ಸೊಟ್ಟಗೇ ಕೂಡಿಕೊಂಡಿದೆ, ಪೂರ್ತಿ ಬಿಡಿಸಲಾಗುವುದಿಲ್ಲ. ನೋಡಿ, ಹಳೆಯ ಮೂಳೆ ಮುರಿತ. ಇದನ್ನೂ ಬರೆದುಕೊಂಡೆ. ಇನ್ನೊಂದು ಕುಂದು.

ಹೊರಡುವ ಮುಂಚೆ ಒಂದು ಎಸೆತ ಎಸೆದು ನೋಡಿ ಅಂದರು. ಕಪಾಟಿನಲ್ಲಿ ಬೆರಳು ತೂರಿಸಲು ಮೂರು ತೂತಿರುವ ನೀಲಿ ಬಣ್ಣದ ಚೆಂಡೊಂದಿತ್ತು, ಎತ್ತಿಕೊಂಡೆ.

"ಅದು ಓರಿನ್‌ದು" ಅಂದ ಅಪ್ಪ. "ಎಡಗೈದು, ನಾನೇ ಕೊರೆದು ಕೊಟ್ಟಿದ್ದು. ನಿಮಗಾಗಲ್ಲ ಬಿಡಿ."

ನನಗಾಗಲ್ಲವಂತೆ. ನನ್ನ ಕೈ ಹತ್ತಿಂಚು, ಹಳೆಯ ತಂಡದವರು ನನ್ನನ್ನು ಕರೆಯುತ್ತಿದ್ದದ್ದೇ ಸಲಿಕೆ ಅಂತ. ಎಡಗೈಯಲ್ಲೇ ಹಿಡಿದೆ. ಹೆಬ್ಬೆರಳು ಹಾಕಿದರೆ ಉಳಿದ ಬೆರಳು ತೂತಿಗೆ ಎಟುಕಲಿಲ್ಲ. ಎಳೆದು ಹಿಗ್ಗಿಸಿದರೂ ತುದಿಯಷ್ಟೇ ತಾಗಿತು. ಎಂಥ ಚೆಂಡಪ್ಪಾ ಅದು, ತೂತು ಕೊರೆಯುವವನಿಗೆ ಕಣ್ಣಿರಲಿಲ್ಲ ಅಂತ ಕಾಣುತ್ತೆ. ಬೇರೆ ಚೆಂಡು ತಗೊಂಡು ಎಸೆದೆ, ಗೂಟ ಮುಟ್ಟದೆ ಪಕ್ಕದ ಕಾಲುವೆಗೆ ಹೋಯಿತು. ವಿಲ್ಮಾ ನಕ್ಕಳು. ಇಡೀ ದಿನದಲ್ಲಿ ಅದೊಂದೇ ನಗು.

ಏಪ್ರಿಲ್ 7, ಭಾನುವಾರ

ಮೂರು ವಾರ ಬರೆದಿಲ್ಲ. ಹ್ಯಾವರ್ಲಿ ಕರೆದು, ಆಯ್ಕೆ ಆದಮೇಲೂ ನಿನ್ನನ್ನು ಇಟ್ಕೊಳ್ಳೋ ಯೋಚನೆ ಇದೆ, ಕ್ಯಾಲೋವೇ ವಿಷಯದಲ್ಲಿ ಒಂದೇ ದನಿ ಇರಲಿ ಅಂದ. ಖುಷಿಯಾಗಬೇಕು. ಕನಸು ಮಾತ್ರ ನಿಂತಿಲ್ಲ. ನಿನ್ನೆ ಮೇಜಿನಾಚೆ ಇದ್ದದ್ದು ವಿಲ್ಮಾ, ಮೀನಿನ ತಟ್ಟೆ ಹಿಡಿದು.

ತಿಂಡಿಗೆ ಕೂತಾಗ ಆ ಬೌಲಿಂಗ್ ಚೆಂಡಿನ ಕತೆ ಮಾರ್ಲಿಸ್‌ಗೆ ಹೇಳಿಕೊಂಡು ಬಯ್ದೆ. ನೆಟ್ಟಗೆ ತೂತು ಕೊರೆಯಲು ಬಾರದವನು ಮಗನನ್ನು ಏನು ಬೆಳೆಸಿಯಾನು ಅಂತ. ಅವಳು ಪ್ಯಾನ್‌ಕೇಕ್ ಮಗುಚುತ್ತಾ ಕೇಳಿದಳು.

"ಆ ಹುಡುಗ ಯಾವ ಕೈಲಿ ಎಸೀತಾನೆ?"

"ಎಡಗೈ. ಎಷ್ಟು ಸಲ ಹೇಳಿಲ್ಲ, ಎಡಚ ಅಂತ."

"ನೀವು ಅಳೆದದ್ದು?"

"ಬಲಗೈ. ಎಲ್ಲರದೂ ಬಲಗೈನೇ ಅಳೆಯೋದು."

ಪ್ಯಾನ್‌ಕೇಕ್ ತಟ್ಟೆಗೆ ಹಾಕಿ ನನ್ನ ಮುಖವನ್ನೇ ನೋಡುತ್ತಾ ನಿಂತಳು. ಅವಳಿಗೆ ಆಟದ ಗಂಧ ಇಲ್ಲ. ಬಲಗೈ ಅಳೆಯುವುದಕ್ಕೆ ಕಾರಣ ಇರುತ್ತದೆ. ಒಂದೇ ಕೈ ಆದರೆ ಎಲ್ಲರನ್ನೂ ತಾಳೆ ನೋಡಬಹುದು. ನಮ್ಮ ಹಿಂದಿನವರೂ ಹಾಗೇ ಮಾಡಿದ್ದರು, ಅವರೇನು ದಡ್ಡರಾ ಅಂತ ರೇಗಿದೆ.

ಪ್ಯಾನ್‌ಕೇಕ್ ತಿನ್ನಲಾಗಲಿಲ್ಲ. ಗ್ಯಾರೇಜಿಗೆ ಹೋಗಿ ಕೂತೆ. ಸೊಟ್ಟ ಕಿರುಬೆರಳು. ಎಟುಕದ ತೂತು. ಆ ಮಳೆ. ಅವನು ಮೇಜಿನ ಮೇಲೆ ಮೊದಲು ಇಟ್ಟ ಕೈ.

ಏಪ್ರಿಲ್ 8, ಸೋಮವಾರ

ಪೆಲ್ಕಿಗೆ ಫೋನ್ ಮಾಡಿದೆ. ಅವನಿಗೆ ಮೊದಲು ಅರ್ಥವಾಗಲಿಲ್ಲ, ಆಮೇಲೆ ಬಯ್ಯತೊಡಗಿದ. ಲೀಗಿನ ಎಲ್ಲ ತಂಡಗಳ ಹತ್ತಿರವೂ ಅದೇ ಅಂಕಿ ಇದೆ, ತಪ್ಪಾದರೆ ಎಲ್ಲರದೂ ತಪ್ಪು, ಆಗ ಯಾರ ಕುತ್ತಿಗೆಗೂ ಬರುವುದಿಲ್ಲ ಅಂದ.

"ನೀನೊಬ್ನೇ ಬಾಯಿ ಬಿಟ್ರೆ ನಿನ್ ಕುತ್ತಿಗೆಗೆ ಬರುತ್ತೆ ಮಾರಾಯಾ. ಇಷ್ಟು ವರ್ಷ ಕೆಲಸ ಕಾಪಾಡ್ಕೊಂಡಿದ್ದು ಇದಕ್ಕಾ?"

ನಾನೇ ಹೋಗಿ ಅಳೆದು ಬರಲಾ ಅಂದರೆ, ನೀನು ಅಳೆದರೆ ನಿನಗೆ ಬೇಕಾದ ಅಳತೆ ಬಂತು ಅಂತಾರೆ, ಯಾರು ನಂಬುತ್ತಾರೆ ಅಂದ. ಅದೂ ನಿಜ. ಹೇಡಿಗಳ ಬುದ್ಧಿ ಒಳ್ಳೆ ಚುರುಕು. ಅವನದೂ, ನನ್ನದೂ.

ನನಗೆ ಆ ಹುಡುಗ ಇಷ್ಟ ಅಂತಲ್ಲ. ಓರಿನ್ ಕಾಲು ಇನ್ನೂ ನಿಧಾನವೇ.

ಏಪ್ರಿಲ್ 12, ಶುಕ್ರವಾರ

ಕೊನೆಯ ಸಭೆ. ಇದಾದ ಮೇಲೆ ಗೋಡೆಯ ಫಲಕಗಳನ್ನು ಯಾರೂ ಕದಲಿಸುವಂತಿಲ್ಲ. ಕಾರಿನಲ್ಲಿ ಕೂತು ಅವಸರದಲ್ಲಿ ಗೀಚುತ್ತಿದ್ದೇನೆ. ಅಕ್ಷರ ನೋಡಿದರೆ ನನಗೇ ನಗು ಬರುತ್ತದೆ.

ಹ್ಯಾವರ್ಲಿ ಮೇಲಿಂದ ಕೆಳಗೆ ಹೆಸರು ಕೂಗುತ್ತಾ ಬಂದ. ಕ್ಯಾಲೋವೇ ಎಂದಾಗ ಎಲ್ಲರೂ ಹೂಂ ಅಂದರು. ನಾನು ಅನ್ನಲಿಲ್ಲ. ಕೇಳಿಸದೇ ಇದ್ದೀತು ಅಂದುಕೊಂಡರೆ ಅವನು ನಿಂತು ನೋಡಿದ. ಏನು ವರ್ನ್, ಗಂಟಲು ಕಟ್ಟಿದೆಯಾ ಅಂದ. ಕಾಗದ ತಂದಿರಲಿಲ್ಲ, ಓದುವ ಭಯ ಇರಲಿಲ್ಲ. ಎದ್ದು ನಿಂತೆ, ಮಂಡಿ ಲಟಕ್ಕೆಂದಿತು. ಕ್ಯಾಲೋವೇ ಬಗ್ಗೆ ಆಮೇಲೆ ಹೇಳ್ತೀನಿ, ಮೊದಲು ಕೆಳಗಿನ ಸಾಲಿನ ಓರಿನ್ ಡೆಕ್ಕರ್ ಬಗ್ಗೆ ಮಾತಾಡಬೇಕು ಅಂದೆ.

ಯಾರೋ ಆಗಲೇ ಕೊಕ್ಕೊಕ್ಕೋ ಶುರು ಮಾಡಿದರು.

ಹ್ಯಾವರ್ಲಿಗೂ ನಗು. "ಕೋಳಿ ಕಾಲು ಅಂದದ್ದು ನೀನೇ ಅಲ್ವೇನಯ್ಯಾ?"

ಒಳ್ಳೊಳ್ಳೆ ಸೂಟು ಹಾಕಿದ, ಒಳ್ಳೊಳ್ಳೆ ಕಾಲೇಜಿಗೆ ಹೋದ, ವರ್ಷಪೂರ್ತಿ ಒಬ್ಬ ಎಡಚನ ಬಲಗೈ ನೋಡಿಕೊಂಡು ನಕ್ಕ ಜನ. ನಡುವೆ ನಾನು, ಎಲ್ಲರಿಗಿಂತ ಮೊದಲು ನಕ್ಕವನು. ಅಷ್ಟು ಮುಖ ಒಟ್ಟಿಗೆ ನೋಡಿ ನನಗೆ ಹೆದರಿಕೆಯಾಗಲಿಲ್ಲ. ಅದು ಯಾಕೋ ಗೊತ್ತಿಲ್ಲ, ಮೀನು ಸರಿಯಾಗಿ ತಿನ್ನದೇ ಬಂದದ್ದು ನೆನಪಾಯಿತು.

ನಗು ನಿಲ್ಲುವವರೆಗೆ ಕಾದೆ. ಹೊತ್ತು ಹಿಡಿಯಿತು.

"ನಾನೇ ಅಂದದ್ದು. ಅವನು ಚೆಂಡು ಮುಟ್ಟದಿರೋ ಕೈ ನೋಡಿ ಅಂದೆ. ನನ್ನನ್ನ ಇಟ್ಕೊಳ್ಳೋದು ಬಿಡೋದು ನಿಮಗೆ ಬಿಟ್ಟಿದ್ದು. ನಾನೂ ಬೇಡ, ಪೆಲ್ಕಿನೂ ಬೇಡ, ನಿಮ್ಮ ಕಡೆಯವರೇ ಯಾರನ್ನಾದ್ರೂ ಆ ಊರಿಗೆ ಕಳ್ಸಿ. ಎಡಗೈ, ಹ್ಯಾವರ್ಲಿ. ಆ ಹುಡುಗನ ಎಡಗೈ ಇನ್ನೊಂದ್ಸಲ ಅಳೆದು ನೋಡಿ."